ಕತ್ತಿನ ಗ್ರಂಥಿಯೂ ಸೊಂಟದ ಮೂಳೆಯೂ

ಕಾರವಾರದಲ್ಲಾಗಲಿ ಅಂಕೋಲೆಯಲ್ಲಾಗಲಿ, ಮನೆಗೆ ಬಂದ ವೈದ್ಯಕೀಯ ಪರೀಕ್ಷೆಯ ಕಾಗದವನ್ನು ಓದಿ ಹೇಳತಕ್ಕ ಕೆಲಸ ಅನೇಕ ವೇಳೆ ಕಾಲೇಜಿಗೆ ಹೋಗುವ ಮೊಮ್ಮಗನ ಅಥವಾ ಮೊಮ್ಮಗಳ ಪಾಲಿಗೆ ಬರುತ್ತದೆ. ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಜ್ಜಿಗೆ ಅರವತ್ತೆಂಟು ವರ್ಷ. ಅವರ ಹೆಸರಿನಲ್ಲಿ ಎರಡು ಕಾಗದಗಳಿವೆ. ಒಂದರಲ್ಲಿ ‘ಟಿ.ಎಸ್.ಎಚ್. 0.2’ ಎಂದು ಬರೆದು ಪಕ್ಕದಲ್ಲಿ ಕೆಳಮುಖದ ಬಾಣವನ್ನು ಹಾಕಿದ್ದಾರೆ. ಅದರ ಕೆಳಗಿನ ಟಿ-4, ಟಿ-3 ಎಂಬ ಅಂಕಿಗಳು ಸರಿಯಾಗಿವೆ. ಇನ್ನೊಂದರಲ್ಲಿ ಸೊಂಟದ ಮೂಳೆಯ ‘ಟಿ-ಅಂಕ –2.8’ ಎಂದಿದೆ. ಅಜ್ಜಿಗೆ ಕತ್ತಿನಲ್ಲಿ ನೋವಿಲ್ಲ, ಮೂಳೆಯಲ್ಲಿಯೂ ನೋವಿಲ್ಲ. ವೈದ್ಯರು ಮೂಳೆಗೆ ಔಷಧವನ್ನು ಬರೆದುಕೊಟ್ಟರು. ಗ್ರಂಥಿಗೆ ಮಾತ್ರ ಏನನ್ನೂ ಕೊಡದೆ, ಮೂರು ತಿಂಗಳ ಮೇಲೆ ರಕ್ತವನ್ನು ಮತ್ತೊಮ್ಮೆ ನೋಡೋಣ ಎಂದರು. ಮನೆಯವರಿಗೆ ಇದು ವಿಚಿತ್ರವಾಗಿ ತೋರುತ್ತದೆ. ರೋಗವಿದ್ದರೆ ಮದ್ದೇಕಿಲ್ಲ? ಇಲ್ಲದಿದ್ದರೆ ಮತ್ತೆ ಪರೀಕ್ಷೆಯೇಕೆ?

ಈ ಪ್ರಶ್ನೆಯ ಉತ್ತರ ಅರ್ಧದಷ್ಟು ವೈದ್ಯಶಾಸ್ತ್ರದಲ್ಲಿದೆ, ಇನ್ನರ್ಧ ಅಳತೆಯ ಶಾಸ್ತ್ರದಲ್ಲಿದೆ. ಎರಡನೆಯ ಅರ್ಧ ಭೌತವಿಜ್ಞಾನದ ಪಾಠ ಹೇಳುವವನಿಗೆ ಸೇರಿದ್ದಾದ ಕಾರಣ ಈ ಲೇಖನವನ್ನು ಬರೆಯಲು ಧೈರ್ಯ ಬಂದಿದೆ.

ಥೈರಾಯ್ಡ್ ಗ್ರಂಥಿ ಕತ್ತಿನ ಮುಂಭಾಗದಲ್ಲಿ, ಶ್ವಾಸನಾಳವನ್ನು ತಬ್ಬಿಕೊಂಡು ಚಿಟ್ಟೆಯ ಆಕಾರದಲ್ಲಿ ಕುಳಿತಿದೆ. ಇಷ್ಟು ಚಿಕ್ಕ ಅಂಗ ಇಡೀ ದೇಹದ ಉರಿಯುವಿಕೆಯ ವೇಗವನ್ನು ನಿರ್ಧರಿಸುತ್ತದೆ. ಅದರ ಕಚ್ಚಾ ಸರಕು ಅಯೋಡಿನ್. 1811ರಲ್ಲಿ ಬರ್ನಾರ್ಡ್ ಕುರ್ತ್ವಾ ಎಂಬ ಫ್ರೆಂಚ್ ರಸಾಯನಜ್ಞನು ಕಡಲಪಾಚಿಯ ಬೂದಿಯಿಂದ ನೇರಿಳೆ ಆವಿಯಾಗಿ ಹೊರಬಂದ ಈ ಧಾತುವನ್ನು ಕಂಡುಹಿಡಿದನು. 1914ರ ಕ್ರಿಸ್‌ಮಸ್ ದಿನದಂದು ಅಮೆರಿಕೆಯ ಎಡ್ವರ್ಡ್ ಕೆಂಡಾಲ್ ಗ್ರಂಥಿಯ ರಸದಿಂದ ಥೈರಾಕ್ಸಿನ್ ಎಂಬ ಹಾರ್ಮೋನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದನು. ಅದರ ಒಂದೊಂದು ಅಣುವಿನಲ್ಲಿಯೂ ನಾಲ್ಕು ಅಯೋಡಿನ್ ಪರಮಾಣುಗಳಿರುವುದರಿಂದ ಅದಕ್ಕೆ ಟಿ-4 ಎಂಬ ಅಡ್ಡಹೆಸರು. ಒಂದು ಪರಮಾಣು ಕಳಚಿದರೆ ಅದೇ ಟಿ-3. ಕೆಲಸದಲ್ಲಿ ಇದೇ ಹೆಚ್ಚು ಚುರುಕು.

ಅಯೋಡಿನ್ನಿನ ಹೆಸರೆತ್ತಿದೊಡನೆ ನಮ್ಮ ಕರಾವಳಿಯವರ ಅನುಮಾನ ಮೀನಿನ ಮೇಲೆಯೂ ಉಪ್ಪಿನ ಮೇಲೆಯೂ ಹೋಗುತ್ತದೆ. ಉಪ್ಪು ಈ ಊರುಗಳಿಗೆ ಬರಿಯ ಅಡುಗೆಯ ಪದಾರ್ಥವಲ್ಲ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಜನ ಉಪ್ಪಿನ ಕಾಯಿದೆಯನ್ನು ಮುರಿದುದು ಇತಿಹಾಸಕ್ಕೆ ಸೇರಿದ ಮಾತು. ಆದರೆ ಕಡಲ ಉಪ್ಪಿನಲ್ಲಿ ತಾನಾಗಿಯೇ ಅಯೋಡಿನ್ ತುಂಬಿರುತ್ತದೆಂಬ ನಂಬಿಕೆ ಸರಿಯಲ್ಲ. ಲೆಕ್ಕ ಹಾಕಿ ನೋಡಿ. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವೂ ಸುಮಾರು 60 ಮೈಕ್ರೋಗ್ರಾಂ ಅಯೋಡಿನ್ನೂ ಇರುತ್ತವೆ. ಅದರಲ್ಲಿ ಒಂದು ಕಣವೂ ಹಾರಿಹೋಗದೆ ಉಳಿದರೂ ಗ್ರಾಂ ಉಪ್ಪಿಗೆ ಎರಡು ಮೈಕ್ರೋಗ್ರಾಮಿಗಿಂತ ಕಡಮೆಯೇ ಬೀಳುತ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಆಗರಗಳ ಉಪ್ಪಾದರೂ ಅಷ್ಟೇ. ಅಯೋಡಿನ್ ಬೆರೆಸಿದ ಉಪ್ಪಿನಲ್ಲಿ ಕೊಳ್ಳುವವನ ಕೈ ಸೇರುವ ಹೊತ್ತಿಗೆ ಗ್ರಾಮಿಗೆ ಕನಿಷ್ಠ ಹದಿನೈದು ಮೈಕ್ರೋಗ್ರಾಂ ಇರಬೇಕೆಂಬುದು ನಮ್ಮ ದೇಶದ ನಿಯಮ. ಬೆಳೆದ ಮನುಷ್ಯನಿಗೆ ದಿನಕ್ಕೆ ಬೇಕಾದದ್ದು ಸುಮಾರು 150. ಆದುದರಿಂದ ಬಂಗಡೆಯ ಸಾರನ್ನಾಗಲಿ ಅಯೋಡಿನ್ ಉಪ್ಪನ್ನಾಗಲಿ ಅಜ್ಜಿಯಿಂದ ಕಿತ್ತುಕೊಳ್ಳುವ ಅಗತ್ಯವಿಲ್ಲ. ಕೆದಕಿ ಕೇಳಬೇಕಾದ ಅಯೋಡಿನ್ ಬೇರೆಯದು. ಸಿ.ಟಿ. ಚಿತ್ರವನ್ನೋ ಹೃದಯದ ರಕ್ತನಾಳಗಳ ಚಿತ್ರವನ್ನೋ ತೆಗೆಯುವಾಗ ಚುಚ್ಚುವ ಬಣ್ಣದ್ರವದಲ್ಲಿ ಮಿಲಿಲೀಟರಿಗೆ 300 ಮಿಲಿಗ್ರಾಮಿನಷ್ಟು ಅಯೋಡಿನ್ ಇರುತ್ತದೆ. ಹೃದಯದ ತಾಳ ತಪ್ಪಿದಾಗ ಕೊಡುವ ಅಮಿಯೋಡರೋನ್ ಮಾತ್ರೆ 200 ಮಿಲಿಗ್ರಾಮಿನದಾದರೆ ಅದರಲ್ಲಿ 75 ಮಿಲಿಗ್ರಾಂ. ಗಂಟುಗಳಿರುವ ಗ್ರಂಥಿ ಇಂಥ ಸುರಿಮಳೆಯಿಂದ ಕೆರಳುವುದುಂಟು.

ಇನ್ನು ಟಿ.ಎಸ್.ಎಚ್. ಎಂದರೇನು? ಇದು ಗ್ರಂಥಿಯ ಸರಕಲ್ಲ, ಗ್ರಂಥಿಗೆ ಬರುವ ಅಪ್ಪಣೆ. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಎಂಬ ಕಾಳಿನಷ್ಟು ದೊಡ್ಡ ಗ್ರಂಥಿ ರಕ್ತದಲ್ಲಿರುವ ಥೈರಾಕ್ಸಿನ್ನಿನ ಮಟ್ಟವನ್ನು ಸದಾ ನೋಡುತ್ತಿರುತ್ತದೆ. ಮಟ್ಟ ಇಳಿದರೆ ಅಪ್ಪಣೆಯನ್ನು ಜೋರುಮಾಡುತ್ತದೆ, ಏರಿದರೆ ತಗ್ಗಿಸುತ್ತದೆ. ಇಸ್ತ್ರಿಪೆಟ್ಟಿಗೆಯ ಒಳಗಿನ ಉಷ್ಣನಿಯಂತ್ರಕವೂ ಮಾಡತಕ್ಕದ್ದು ಇದೇ ಕೆಲಸ. ಆದರೆ ಪಿಟ್ಯುಟರಿಯ ಸೂಕ್ಷ್ಮತೆ ಇಸ್ತ್ರಿಪೆಟ್ಟಿಗೆಗೆ ಇಲ್ಲ. ಥೈರಾಕ್ಸಿನ್ ಎರಡು ಪಟ್ಟಾದರೆ ಟಿ.ಎಸ್.ಎಚ್. ಸುಮಾರು ನೂರರಲ್ಲಿ ಒಂದು ಪಾಲಿಗೆ ಕುಸಿಯಬಲ್ಲದು. ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಏರಿಕೆಯನ್ನು ಅದು ವರ್ಧಿಸಿ ತೋರಿಸುತ್ತದೆ. ಪ್ರಯೋಗಶಾಲೆಯಲ್ಲಿ ಗ್ಯಾಲ್ವನೋಮೀಟರಿನ ಕನ್ನಡಿಯ ಅಲ್ಪ ತಿರುವನ್ನು ದೂರದ ಗೋಡೆಯ ಮೇಲಿನ ಬೆಳಕಿನ ಚುಕ್ಕೆ ದೊಡ್ಡದುಮಾಡಿ ತೋರಿಸುವ ಹಾಗೆ.

ಟಿ-4, ಟಿ-3 ಎರಡೂ ಮಾಮೂಲಿನ ಎಲ್ಲೆಯೊಳಗೇ ಇದ್ದು ಟಿ.ಎಸ್.ಎಚ್. ಮಾತ್ರ ಕೆಳಗಿಳಿದಿರುವುದರ ಅರ್ಥ ಈಗ ತಿಳಿಯಿತು. ಆ ‘ಮಾಮೂಲು’ ಎಂಬುದು ಊರಿಗೆಲ್ಲ ಸಂಬಂಧಿಸಿದ್ದು. ಈ ಅಜ್ಜಿಯ ಸ್ವಂತ ದೇಹಕ್ಕೆ ಅದೇ ಮಟ್ಟ ಸ್ವಲ್ಪ ಹೆಚ್ಚೆಂದು ಅವರ ಪಿಟ್ಯುಟರಿ ಹೇಳುತ್ತಿದೆ. ಇದನ್ನೇ ಗ್ರಂಥಿಯ ಅಲ್ಪ ಅತಿಚಟುವಟಿಕೆ ಎನ್ನುತ್ತಾರೆ. ಲೀಟರಿಗೆ ಸುಮಾರು 0.4 ಮಿಲಿ-ಯೂನಿಟ್ಟು ಕೆಳ ಎಲ್ಲೆ. ಅಲ್ಲಿಂದ 0.1ರ ವರೆಗೆ ಮೊದಲ ಮೆಟ್ಟಿಲು, 0.1ಕ್ಕಿಂತ ಕೆಳಗೆ ಎರಡನೆಯದು.

ಇದಕ್ಕೂ ಸೊಂಟಕ್ಕೂ ಏನು ನಂಟು? ಮೂಳೆಯನ್ನು ನಾವು ಕಲ್ಲುಕಂಬವೆಂದು ಭಾವಿಸುತ್ತೇವೆ. ನಿಜವಾಗಿ ಅದು ನಿತ್ಯ ದುರಸ್ತಿಯಲ್ಲಿರುವ ಕಟ್ಟಡ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸಿ ಗುಳಿಮಾಡುತ್ತವೆ; ಇನ್ನೊಂದು ಬಗೆಯವು ಹಿಂದೆಯೇ ಬಂದು ಆ ಗುಳಿಯನ್ನು ತುಂಬುತ್ತವೆ. ಅಗೆತ ಕೆಲವು ವಾರಗಳ ಕೆಲಸ, ತುಂಬುವುದು ತಿಂಗಳುಗಳ ಕೆಲಸ. ಥೈರಾಯ್ಡಿನ ಹಾರ್ಮೋನು ಹೆಚ್ಚಾದಾಗ ಈ ಇಡೀ ಚಕ್ರ ಅವಸರಕ್ಕೆ ಬೀಳುತ್ತದೆ. ಹೊಸ ಗುಳಿಗಳು ಹೆಚ್ಚುತ್ತವೆ, ತುಂಬುವವರಿಗೆ ಸಮಯ ಸಾಲದು, ಪ್ರತಿ ಸುತ್ತಿನಲ್ಲಿಯೂ ಸ್ವಲ್ಪ ಸಾಲ ಉಳಿಯುತ್ತದೆ. 1891ರಲ್ಲಿಯೇ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸೆನ್, ಗ್ರಂಥಿಯ ತೀವ್ರ ಅತಿಚಟುವಟಿಕೆಯಿಂದ ಸತ್ತ ತರುಣಿಯೊಬ್ಬಳ ಉದ್ದೆಲುಬುಗಳು ಹುಳು ತಿಂದಂತೆ ಇದ್ದುವೆಂದು ವರ್ಣಿಸಿದ್ದನು. ಆಗ ಈ ರೋಗಕ್ಕೆ ಸರಿಯಾದ ಚಿಕಿತ್ಸೆ ಇರಲಿಲ್ಲ. ಇಂದು ಅಂಥ ಮೂಳೆಯನ್ನು ಕಾಣುವುದು ಅಪರೂಪ. ಈಗಿನ ಚಿಂತೆ ಸಣ್ಣ ಸಾಲದ್ದು: ಮುಟ್ಟು ನಿಂತ ಬಳಿಕ ಈಸ್ಟ್ರೊಜೆನ್ ಎಂಬ ಕಾವಲುಗಾರನನ್ನು ಕಳೆದುಕೊಂಡು ಮೊದಲೇ ಸವೆದಿರುವ ಮೂಳೆಗೆ ಈ ಅಲ್ಪ ಅವಸರವೂ ಭಾರವಾಗುವುದೇ?

ಆಗುತ್ತದೆ ಎಂದು ತೋರುತ್ತದೆ. 2015ರಲ್ಲಿ ಹದಿಮೂರು ಅಧ್ಯಯನಗಳ 70,298 ಜನರ ವಿವರಗಳನ್ನು ಒಟ್ಟುಗೂಡಿಸಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಪ ಅತಿಚಟುವಟಿಕೆ ಇದ್ದವರಲ್ಲಿ ಸೊಂಟದ ಮೂಳೆ ಮುರಿಯುವ ಸಂಭವ ಇಲ್ಲದವರಿಗಿಂತ 1.36 ಪಟ್ಟು, ಟಿ.ಎಸ್.ಎಚ್. 0.1ಕ್ಕಿಂತ ಕೆಳಗಿದ್ದವರಲ್ಲಿ 1.61 ಪಟ್ಟು. ಈ ‘ಪಟ್ಟು’ ಎಂಬ ಮಾತನ್ನು ಎಚ್ಚರಿಕೆಯಿಂದ ಓದಬೇಕು. ಹಾಗೆಯೇ ಬಿಟ್ಟರೂ ನೂರರಲ್ಲಿ ಒಬ್ಬರಿಗೆ ಆಗತಕ್ಕ ಅಪಘಾತ 1.36 ಪಟ್ಟಾದರೆ ಹೆದರಬೇಕಾದ್ದು ಅಷ್ಟಿಲ್ಲ. ನೂರರಲ್ಲಿ ಹತ್ತು ಮಂದಿಗೆ ಆಗತಕ್ಕದ್ದು ಅಷ್ಟು ಪಟ್ಟಾದರೆ ಮೂರುನಾಲ್ಕು ಮನೆಗಳಲ್ಲಿ ಒಬ್ಬೊಬ್ಬ ಅಜ್ಜಿ ಹಾಸಿಗೆ ಹಿಡಿಯುತ್ತಾರೆ. ಟಿ-ಅಂಕ –2.8 ಇರುವವರು ಎರಡನೆಯ ಗುಂಪಿಗೆ ಹತ್ತಿರದವರು. ಒಂದೇ 0.2 ಎಂಬ ಅಂಕಿ ಇಪ್ಪತ್ತೈದರ ಹುಡುಗಿಗೆ ಒಂದು ಅರ್ಥವನ್ನೂ ಅಜ್ಜಿಗೆ ಮತ್ತೊಂದು ಅರ್ಥವನ್ನೂ ಕೊಡುವುದು ಹೀಗೆ.

ಈ ‘ಅಲ್ಪ’ ರೋಗವನ್ನು ಹೇಗೆ ಕಂಡರು ಎಂಬುದು ನನಗೆ ಎಲ್ಲಕ್ಕಿಂತ ರಸವತ್ತಾದ ಭಾಗ. ರೋಗಿಗೆ ತಿಳಿಯದ, ವೈದ್ಯನ ಕೈಗೆ ಸಿಕ್ಕದ ಈ ಸ್ಥಿತಿ ಅಳತೆಯ ಉಪಕರಣದೊಡನೆಯೇ ಹುಟ್ಟಿತೆನ್ನಬೇಕು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ರೊಸಲಿನ್ ಯಾಲೋ ಎಂಬ ಮಹಿಳೆ ಇದ್ದರು. ಆಕೆ ವೈದ್ಯೆಯಲ್ಲ, ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ವೈದ್ಯ ಸಾಲಮನ್ ಬರ್ಸನ್‌ರೊಡನೆ ಆಕೆ 1960ರಲ್ಲಿ, ರಕ್ತದಲ್ಲಿ ಊಹೆಗೂ ನಿಲುಕದಷ್ಟು ಅಲ್ಪವಾಗಿರುವ ಇನ್ಸುಲಿನ್ನನ್ನು ಅಳೆಯುವ ಉಪಾಯವನ್ನು ಪ್ರಕಟಿಸಿದರು.

ಉಪಾಯ ಹೀಗಿದೆ. ಸೇತುವೆ ಆಗುವ ಮೊದಲು ಕೋಡಿಬಾಗದಿಂದ ಸದಾಶಿವಗಡಕ್ಕೆ ಕಾಳಿ ನದಿಯನ್ನು ದಾಟಿಸುತ್ತಿದ್ದ ದೋಣಿಯನ್ನು ನೆನೆದುಕೊಳ್ಳಿ. ದೋಣಿಯಲ್ಲಿ ಜಾಗ ಇಷ್ಟೇ ಎಂದು ಗೊತ್ತಿದೆ. ದಡದಲ್ಲಿರುವ ಜನ ಎಷ್ಟೆಂದು ಗೊತ್ತಿಲ್ಲ. ಕೆಂಪು ಮುಂಡಾಸು ಕಟ್ಟಿದ ನೂರು ಜನರನ್ನು ನಾವೇ ಆ ಗುಂಪಿಗೆ ಸೇರಿಸಿದೆವು. ದೋಣಿ ಆಚೆ ದಡ ಮುಟ್ಟಿದಾಗ ಅದರಲ್ಲಿ ಕೆಂಪು ಮುಂಡಾಸುಗಳು ಹೆಚ್ಚಾಗಿ ಕಂಡರೆ ದಡದ ಗುಂಪು ಚಿಕ್ಕದಿತ್ತು. ಕಡಮೆ ಕಂಡರೆ ಗುಂಪು ದೊಡ್ಡದಿತ್ತು. ದೋಣಿ ಎಂದರೆ ಹಾರ್ಮೋನನ್ನು ಹಿಡಿಯುವ ಪ್ರತಿಕಾಯ. ಕೆಂಪು ಮುಂಡಾಸು ಎಂದರೆ ಹಾರ್ಮೋನಿನ ಅಣುವಿಗೆ ಅಂಟಿಸಿದ ವಿಕಿರಣಶೀಲ ಅಯೋಡಿನ್. ಎಣಿಸುವುದು ಗೈಗರ್ ಗಣಕದ ವಂಶದ ಯಂತ್ರ. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಪಾರಿತೋಷಕ ಬಂದಿತು; ಬರ್ಸನ್ ಅದಕ್ಕೆ ಮುಂಚೆಯೇ ತೀರಿಕೊಂಡಿದ್ದರು.

ಇದೇ ವಿಧಾನದಿಂದ 1960ರ ದಶಕದಲ್ಲಿ ಟಿ.ಎಸ್.ಎಚ್. ಅನ್ನೂ ಅಳೆದರು. ಆದರೆ ಆ ಮೊದಲ ಪರೀಕ್ಷೆಗಳು ಸುಮಾರು 1ರ ಕೆಳಗೆ ಕುರುಡಾಗಿದ್ದುವು. ಮಾಮೂಲಿನ ಕೆಳ ಎಲ್ಲೆಯೇ 0.4 ಆಗಿರುವಾಗ, ‘ಕಡಮೆ’ ಎಂಬುದನ್ನು ‘ಸರಿ’ ಎಂಬುದರಿಂದ ಬೇರ್ಪಡಿಸುವುದು ಹೇಗೆ ಸಾಧ್ಯ? ಮುಂದೆ 1980ರ ದಶಕದಲ್ಲಿ ಎರಡು ಪ್ರತಿಕಾಯಗಳ ನಡುವೆ ಹಾರ್ಮೋನನ್ನು ಅದುಮಿ ಹಿಡಿಯುವ ಹೊಸ ಪರೀಕ್ಷೆಗಳು ಬಂದು 0.1ರ ತನಕವೂ, ಆಮೇಲೆ 0.01ರ ತನಕವೂ ಇಳಿದುವು. ಆ ಮೊದಲು ನಮ್ಮ ಅಜ್ಜಿಯಂಥವರನ್ನು ಆರೋಗ್ಯವಂತರೆಂದೇ ಕರೆಯುತ್ತಿದ್ದರು.

ಮೂಳೆಯ ಅಳತೆಯ ಕಥೆಯಲ್ಲಿಯೂ ಅಯೋಡಿನ್ ಬರುತ್ತದೆ. 1963ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಜಾನ್ ಕ್ಯಾಮರನ್, ಸೋರೆನ್‌ಸನ್‌ನೊಡನೆ, ಅಯೋಡಿನ್-125ರ ಕಿರಣಗಳನ್ನು ಮುಂಗೈಯ ಮೂಲಕ ಹಾಯಿಸಿ, ಎಷ್ಟು ಕಿರಣಗಳು ತಡೆಗೊಂಡುವೆಂಬುದರಿಂದ ಮೂಳೆಯ ಖನಿಜಾಂಶವನ್ನು ಲೆಕ್ಕಹಾಕಿದನು. ಮುಂಗೈಗೆ ಇದು ಸಾಕು. ಸೊಂಟದಲ್ಲಿ ಮೂಳೆಯ ಸುತ್ತ ಮಾಂಸವೂ ಕೊಬ್ಬೂ ದಪ್ಪನಾಗಿ ಇರುವುದರಿಂದ ತಡೆದದ್ದು ಯಾವುದೆಂದು ತಿಳಿಯದು. ಅವ್ಯಕ್ತ ರಾಶಿಗಳು ಎರಡು, ಸಮೀಕರಣ ಒಂದು! ಬೀಜಗಣಿತ ಬಲ್ಲ ಯಾವ ವಿದ್ಯಾರ್ಥಿಯಾದರೂ ಪರಿಹಾರವನ್ನು ಹೇಳಿಯಾನು: ಇನ್ನೊಂದು ಸಮೀಕರಣ ಬೇಕು. ಎರಡು ಬೇರೆ ಬೇರೆ ಶಕ್ತಿಗಳ ಕ್ಷ-ಕಿರಣಗಳನ್ನು ಹಾಯಿಸಿದರೆ, ಮೂಳೆಯೂ ಮಾಂಸವೂ ಅವನ್ನು ಬೇರೆ ಬೇರೆ ಪ್ರಮಾಣದಲ್ಲಿ ತಡೆಯುವುದರಿಂದ, ಎರಡನೆಯ ಸಮೀಕರಣ ಸಿಕ್ಕುತ್ತದೆ. 1987ರಿಂದ ಮಾರುಕಟ್ಟೆಗೆ ಬಂದ ಡೆಕ್ಸಾ ಯಂತ್ರದ ಗುಟ್ಟು ಇಷ್ಟೇ. ಅದರಿಂದ ದೇಹಕ್ಕೆ ತಾಗುವ ವಿಕಿರಣ ತೀರ ಅಲ್ಪ. ನೆಲದಿಂದಲೂ ಆಕಾಶದಿಂದಲೂ ನಮಗೆ ಒಂದೆರಡು ದಿನಗಳಲ್ಲಿ ಹೇಗೂ ತಾಗುವಷ್ಟು. ಟಿ-ಅಂಕವೆಂದರೆ ಆರೋಗ್ಯವಂತ ತರುಣಿಯರ ಸರಾಸರಿಯಿಂದ ಎಷ್ಟು ಪ್ರಮಾಣವಿಚಲನೆಗಳಷ್ಟು ದೂರ ಎಂಬ ಲೆಕ್ಕ. –2.5 ಅಥವಾ ಅದಕ್ಕಿಂತ ಕೆಳಗಾದರೆ ಮೂಳೆಸವೆತದ ರೋಗವೆಂದು 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆಯಿತು. ಯಂತ್ರ ನೋಡುವುದು ಮೂಳೆಯ ನೆರಳನ್ನು, ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದು. ಆದುದರಿಂದ ಸಣ್ಣ ಮೈಕಟ್ಟಿನವರ ಮೂಳೆ ಇದ್ದುದಕ್ಕಿಂತ ಸ್ವಲ್ಪ ತೆಳುವಾಗಿ ತೋರುವುದೂ ಉಂಟು.

ಈಗ ವೈದ್ಯರು ಗ್ರಂಥಿಗೆ ಮದ್ದು ಕೊಡದೆ ಮೂರು ತಿಂಗಳು ಕಾಯಹೇಳಿದುದರ ಕಾರಣಕ್ಕೆ ಬರೋಣ. ಟಿ.ಎಸ್.ಎಚ್. ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಡುರಾತ್ರಿ ಕಳೆದ ಮೇಲೆ ಏರಿ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಜ್ವರವೋ ಬೇರೆ ಕಾಹಿಲೆಯೋ ಬಂದಾಗ, ಉಬ್ಬಸಕ್ಕೆ ಸ್ಟೆರಾಯ್ಡ್ ತೆಗೆದುಕೊಂಡಾಗ, ಗ್ರಂಥಿಯ ತಪ್ಪಿಲ್ಲದೆಯೇ ಅದು ಕುಗ್ಗುತ್ತದೆ. ಒಬ್ಬರೇ ವ್ಯಕ್ತಿಯಲ್ಲಿ ಎರಡು ಅಳತೆಗಳ ನಡುವೆ ಶೇಕಡಾ 40ರಷ್ಟು ಅಂತರ ಬರುವುದು ಆಶ್ಚರ್ಯವಲ್ಲ. 0.30 ಇದ್ದದ್ದು 0.36 ಆಯಿತೆಂದು ಹಿಗ್ಗಬೇಕಾಗಿಲ್ಲ, 0.25 ಆಯಿತೆಂದು ಕುಗ್ಗಲೂ ಬೇಕಾಗಿಲ್ಲ. ಮೊದಲ ಮೆಟ್ಟಿಲಿನವರಲ್ಲಿ ಅನೇಕರ ಮಟ್ಟ ತಾನಾಗಿಯೇ ಸರಿಹೋಗುತ್ತದೆ.

ಇದಕ್ಕಿಂತ ಮೋಸಗಾರನಾದ ಇನ್ನೊಂದು ಕಾರಣವಿದೆ. ಕೂದಲು, ಉಗುರುಗಳ ಸೊಂಪಿಗೆಂದು ಮಾರುವ ಮಾತ್ರೆಗಳಲ್ಲಿ ಬಯೋಟಿನ್ ಎಂಬ ಜೀವಸತ್ವವು ದಿನದ ಅಗತ್ಯಕ್ಕಿಂತ ನೂರಾರು ಪಟ್ಟು ಇರುವುದುಂಟು. ಅನೇಕ ಪ್ರಯೋಗಶಾಲೆಗಳ ಪರೀಕ್ಷಾವಿಧಾನದಲ್ಲಿ ಇದೇ ಬಯೋಟಿನ್ ಅಂಟಿನಂತೆ ಬಳಕೆಯಾಗುತ್ತದೆ. ರಕ್ತದಲ್ಲಿ ಅದು ತುಂಬಿದ್ದರೆ ಅಂಟುವ ಜಾಗಗಳನ್ನೆಲ್ಲ ಮೊದಲೇ ಆಕ್ರಮಿಸಿಬಿಡುತ್ತದೆ, ಟಿ.ಎಸ್.ಎಚ್. ಸುಳ್ಳಾಗಿ ಕಡಮೆ ತೋರುತ್ತದೆ, ಟಿ-4 ಸುಳ್ಳಾಗಿ ಹೆಚ್ಚು ತೋರುತ್ತದೆ. ಗ್ರಂಥಿಯ ಅತಿಚಟುವಟಿಕೆಯ ಪಕ್ಕಾ ಸೋಗು! ಅಮೆರಿಕದ ಔಷಧ ಆಡಳಿತವು 2017ರಲ್ಲಿ ಈ ಬಗೆಗೆ ಎಚ್ಚರಿಕೆ ಕೊಟ್ಟಿತು. ರಕ್ತ ಕೊಡುವುದಕ್ಕೆ ಎರಡು ದಿನಗಳಾದರೂ ಮುಂಚೆ ಅದನ್ನು ನಿಲ್ಲಿಸಬೇಕೆಂದು ಹೇಳುತ್ತಾರೆ.

ಮೂಳೆಯ ಅಳತೆಯ ಮೋಸ ಬೇರೆ ತರಹದ್ದು. ಅಜ್ಜಿಯ ಸೊಂಟದ ಸಾಂದ್ರತೆ ಈ ವರ್ಷ 0.650, ಮುಂದಿನ ವರ್ಷ 0.637 ಎಂದು ಬಂದರೆ, ಶೇಕಡಾ ಎರಡರಷ್ಟು ಮೂಳೆ ಹೋಯಿತೆನ್ನೋಣವೆ? ಒಂದೇ ಯಂತ್ರದಲ್ಲಿ ಅದೇ ದಿನ ಎದ್ದು ಮತ್ತೆ ಮಲಗಿದರೂ ಅಳತೆಯಲ್ಲಿ ಶೇಕಡಾ ಒಂದರಷ್ಟು ದೋಷವಿರುವುದು ಸಹಜ. ಎರಡು ಅಳತೆಗಳನ್ನು ಕಳೆದಾಗ ದೋಷಗಳು ವರ್ಗಮೂಲದ ನಿಯಮದಂತೆ ಕೂಡುತ್ತವೆ: ಎರಡರ ವರ್ಗಮೂಲ 1.41, ಶೇಕಡಾ 95ರ ಭರವಸೆಗೆ 1.96ರಿಂದ ಗುಣಿಸಿದರೆ 2.77. ಎಂದರೆ ಶೇಕಡಾ 2.8ಕ್ಕಿಂತ ಕಡಮೆಯಾದ ಬದಲಾವಣೆ ಬದಲಾವಣೆಯೇ ಅಲ್ಲದಿರಬಹುದು. ಸೊಂಟಕ್ಕೆ ಒಪ್ಪಿಕೊಂಡಿರುವ ಕನಿಷ್ಠ ದರ್ಜೆಯ ಯಂತ್ರಕೌಶಲದಲ್ಲಾದರೆ ಈ ಮಿತಿ ಶೇಕಡಾ ಐದು! ಮೂಳೆ ಸವೆಯುವುದಾದರೋ ವರ್ಷಕ್ಕೆ ಶೇಕಡಾ ಒಂದೆರಡು. ಆದುದರಿಂದ ಆರಾರು ತಿಂಗಳಿಗೆ ಡೆಕ್ಸಾ ಮಾಡಿಸುವುದು ಹಣವನ್ನು ಕಳೆದು ಕಳವಳವನ್ನು ಕೊಂಡಂತೆ. ಒಂದೆರಡು ವರ್ಷಗಳ ಅಂತರ ಬೇಕು.

ಮತ್ತು ಅದೇ ಯಂತ್ರ ಬೇಕು. ಬೇರೆ ಬೇರೆ ಯಂತ್ರಗಳ ಅಂಕಿಗಳನ್ನು, ಅವನ್ನು ಒಂದಕ್ಕೊಂದು ತಾಳೆ ಹಾಕಿದ ಹೊರತು, ಹೋಲಿಸಬಾರದು. ಕಾರವಾರ, ಅಂಕೋಲೆಗಳವರಿಗೆ ಇದು ಸಣ್ಣ ಮಾತಲ್ಲ. ಕಾರವಾರದ ವೈದ್ಯಕೀಯ ಮಹಾವಿದ್ಯಾಲಯ 2016ರಲ್ಲಿ ಆರಂಭವಾಗಿದೆಯಾದರೂ ದೊಡ್ಡ ಪರೀಕ್ಷೆಗಳಿಗಾಗಿ ಗೋವೆಗೊಮ್ಮೆ, ಹುಬ್ಬಳ್ಳಿಗೊಮ್ಮೆ, ಮಗಳ ಮನೆ ಹತ್ತಿರವಿದೆಯೆಂದು ಮಣಿಪಾಲಕ್ಕೊಮ್ಮೆ ಹೋಗುವುದು ಇಲ್ಲಿಯ ವಾಡಿಕೆ. ಮಳೆಗಾಲದಲ್ಲಿ ದಾರಿಯನ್ನೂ ನಂಬುವಂತಿಲ್ಲ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದುದನ್ನು ಯಾರೂ ಮರೆತಿಲ್ಲ. ಮೂರು ಊರುಗಳ ಮೂರು ಕಾಗದಗಳಿಂದ ಏರಿತೋ ಇಳಿಯಿತೋ ಎಂದು ಹೇಳುವುದು ಮೂರು ಬೇರೆ ತಕ್ಕಡಿಗಳಲ್ಲಿ ತೂಗಿದ ಮೀನಿನ ಲೆಕ್ಕವಾದೀತು.

ಮೂರು ತಿಂಗಳ ಬಳಿಕವೂ ಟಿ.ಎಸ್.ಎಚ್. ಕೆಳಗೇ ಉಳಿದರೆ ಕಾರಣವನ್ನು ಹುಡುಕುತ್ತಾರೆ. ಬಹು ಸುಲಭವಾದ ಕಾರಣವನ್ನು ಮೊದಲು ನೋಡಬೇಕು: ಗ್ರಂಥಿ ಮಂದವಾಗಿದೆಯೆಂದು ಥೈರಾಕ್ಸಿನ್ ಮಾತ್ರೆ ನುಂಗುತ್ತಿರುವವರಲ್ಲಿ ಮಾತ್ರೆಯ ಪ್ರಮಾಣವೇ ಹೆಚ್ಚಾಗಿರಬಹುದು. ವೈದ್ಯರು ಅದನ್ನು ತಗ್ಗಿಸಿದ ಮೇಲೆ ಆರೆಂಟು ವಾರ ಕಾದು ಅಳೆಯುತ್ತಾರೆ. ಟಿ-4ರ ಅರ್ಧಾಯು ಸುಮಾರು ಏಳು ದಿನ; ಐದು ಅರ್ಧಾಯುಗಳಲ್ಲಿ ಹಳೆಯ ಹೆಚ್ಚುವರಿ ಮೂವತ್ತೆರಡನೆಯ ಒಂದು ಪಾಲಿಗೆ ಇಳಿಯುತ್ತದೆ; ಪಿಟ್ಯುಟರಿಗೆ ಅದನ್ನು ನಂಬಲು ಇನ್ನಷ್ಟು ದಿನ ಬೇಕು. ಮಾತ್ರೆ ನುಂಗದವರಲ್ಲಿ ಗ್ರಂಥಿಯ ಗಂಟುಗಳೋ, ದೇಹದ ರಕ್ಷಣಾವ್ಯವಸ್ಥೆಯೇ ಗ್ರಂಥಿಯನ್ನು ಕೆಣಕುವ ಗ್ರೇವ್ಸ್ ರೋಗವೋ ಇರಬಹುದು. ಆರು ಗಂಟೆಯ ಅರ್ಧಾಯುವುಳ್ಳ ಟೆಕ್ನೀಷಿಯಂ ಕೊಟ್ಟು ತೆಗೆದ ಚಿತ್ರದಲ್ಲಿ ಇವೆರಡೂ ಬೇರೆ ಬೇರೆಯಾಗಿ ಕಾಣುತ್ತವೆ.

ಚಿಕಿತ್ಸೆಯ ಗೆರೆಯನ್ನು ಎಲ್ಲಿ ಎಳೆಯಬೇಕು? ಅಮೆರಿಕದ ಥೈರಾಯ್ಡ್ ಸಂಘದ 2016ರ ಸೂಚನೆಯಂತೆ, ಟಿ.ಎಸ್.ಎಚ್. ಸತತವಾಗಿ 0.1ಕ್ಕಿಂತ ಕೆಳಗಿದ್ದು, ವಯಸ್ಸು 65 ದಾಟಿದ್ದರೆ ಅಥವಾ ಮೂಳೆಸವೆತವಿದ್ದರೆ ಚಿಕಿತ್ಸೆ ಮಾಡತಕ್ಕದ್ದು, 0.1ಕ್ಕೂ ಕೆಳ ಎಲ್ಲೆಗೂ ನಡುವೆ ಇದ್ದರೆ ಇಂಥವರ ವಿಷಯದಲ್ಲಿ ಯೋಚಿಸಿ ನೋಡಬಹುದು. ಹೃದಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅರವತ್ತು ದಾಟಿ ಟಿ.ಎಸ್.ಎಚ್. ತೀರ ಕಡಮೆ ಇದ್ದವರಲ್ಲಿ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪುವ ಸಂಭವ ಹತ್ತು ವರ್ಷಗಳಲ್ಲಿ ಸುಮಾರು ಮೂರು ಪಟ್ಟೆಂದು 1994ರಲ್ಲಿ ಫ್ರಾಮಿಂಗ್‌ಹ್ಯಾಮ್ ಅಧ್ಯಯನವು ತೋರಿಸಿತು. ಈ ಅಲ್ಪ ಸ್ಥಿತಿಗೆ ಚಿಕಿತ್ಸೆ ಕೊಟ್ಟರೆ ಮೂಳೆ ಮುರಿಯುವುದು ತಪ್ಪುತ್ತದೆಂದು ದೊಡ್ಡ ಪ್ರಯೋಗವೊಂದು ಇನ್ನೂ ಸಿದ್ಧಪಡಿಸಿಲ್ಲ. ಸಾಂದ್ರತೆ ಉಳಿಯುತ್ತದೆಂದು ಸಣ್ಣ ಅಧ್ಯಯನಗಳು ಹೇಳುತ್ತವೆ. ವೈದ್ಯರು ಅಂಕಿಯೊಡನೆ ರೋಗಿಯನ್ನೂ ತೂಗುವುದು ಇದರಿಂದಲೇ. ಇತ್ತ ಮೂಳೆಯ ಔಷಧವೂ ಸುಣ್ಣದಂಶವೂ ‘ಡಿ’ ಜೀವಸತ್ವವೂ ಗ್ರಂಥಿಯ ತೀರ್ಮಾನಕ್ಕಾಗಿ ಕಾಯಬೇಕಾಗಿಲ್ಲ. ಮುಳ್ಳುಸಹಿತ ತಿನ್ನುವ ಸಣ್ಣ ಮೀನು, ರಾಗಿ, ಬಿಸಿಲಿನಲ್ಲಿ ನಡಿಗೆ, ಮಳೆಗಾಲದಲ್ಲಿ ಪಾಚಿಗಟ್ಟುವ ಅಂಗಳದ ಕಲ್ಲನ್ನು ತಿಕ್ಕಿಡುವುದು, ಇವೂ ಮೂಳೆಯ ಚಿಕಿತ್ಸೆಯೇ.

ಗ್ರಂಥಿಗೆ ಕೊಡುವ ಚಿಕಿತ್ಸೆಗಳಲ್ಲಿ ಮಾತ್ರೆಯೂ ಶಸ್ತ್ರಕ್ರಿಯೆಯೂ ಅಲ್ಲದೆ 1941ರಿಂದ ಬಳಕೆಗೆ ಬಂದ ವಿಕಿರಣಶೀಲ ಅಯೋಡಿನ್ ಒಂದುಂಟು. ಕಾರವಾರ ತಾಲೂಕಿನ ಕೈಗಾದಲ್ಲಿ 2000ದಿಂದ ಅಣುವಿದ್ಯುತ್ ಸ್ಥಾವರ ನಡೆಯುತ್ತಿರುವುದರಿಂದ, ಗ್ರಂಥಿ ಚುರುಕಾದದ್ದು ಅದರಿಂದಲೋ ಎಂದು ತರಗತಿಯಲ್ಲಿ ಕೇಳುವವರಿದ್ದಾರೆ. ಅಯೋಡಿನ್-131 ಗ್ರಂಥಿಯಲ್ಲಿ ಶೇಖರವಾಗುತ್ತದೆಂಬುದು ನಿಜ. 1986ರ ಚೆರ್ನೊಬಿಲ್ ದುರಂತದ ಬಳಿಕ ಅಲ್ಲಿಯ ಮಕ್ಕಳಲ್ಲಿ ಗ್ರಂಥಿಯ ಕ್ಯಾನ್ಸರ್ ಹೆಚ್ಚಿದುದೂ ನಿಜ. ಆದರೆ ಅದರ ದೊಡ್ಡ ಪ್ರಮಾಣ ಗ್ರಂಥಿಯನ್ನು ಕುಗ್ಗಿಸುತ್ತದೆ. ವೈದ್ಯರು ಅತಿಚಟುವಟಿಕೆಗೆ ಅದನ್ನು ಔಷಧವಾಗಿ ಕೊಡುವುದೇ ಆ ಗುಣಕ್ಕಾಗಿ. ಎಂಟು ದಿನಗಳ ಅರ್ಧಾಯುವಿನ ಆ ಅಯೋಡಿನ್ ಕೆಲವು ವಾರಗಳಲ್ಲಿ ಕರಗಿಹೋದ ಮೇಲೆಯೂ ಗ್ರಂಥಿ ತಿಂಗಳುಗಟ್ಟಲೆ ಮೆಲ್ಲನೆ ಕುಗ್ಗುತ್ತಿರುತ್ತದೆ, ಕೆಲವರಲ್ಲಿ ಅಗತ್ಯಕ್ಕಿಂತಲೂ ಹೆಚ್ಚಾಗಿ. ಆದುದರಿಂದ ರಕ್ತದ ಪರೀಕ್ಷೆ ಆಮೇಲೆಯೂ ನಿಲ್ಲುವುದಿಲ್ಲ.

ಕಾಗದಗಳನ್ನು ಓದಿ ಹೇಳುವ ಮೊಮ್ಮಕ್ಕಳು ಮಾಡಬಹುದಾದ ಒಂದು ಕೆಲಸವಿದೆ. ಒಂದು ನೋಟುಪುಸ್ತಕದಲ್ಲಿ ತಾರೀಖು, ರಕ್ತ ಕೊಟ್ಟ ಗಂಟೆ, ಪ್ರಯೋಗಶಾಲೆಯ ಹೆಸರು, ಆ ವಾರ ತೆಗೆದುಕೊಂಡ ಮಾತ್ರೆಗಳು, ಟಿ.ಎಸ್.ಎಚ್., ಟಿ-4, ಟಿ-3 ಇಷ್ಟನ್ನು ಒಂದು ಸಾಲಿನಲ್ಲಿ ಬರೆಯಬೇಕು. ಡೆಕ್ಸಾ ಆದಾಗ ಯಂತ್ರದ ಹೆಸರನ್ನೂ, ಟಿ-ಅಂಕವೊಂದನ್ನೇ ಅಲ್ಲದೆ ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ಎಂಬುದನ್ನೂ ಬರೆಯಬೇಕು. ಮುಂದಿನ ಭೇಟಿಯಲ್ಲಿ ವೈದ್ಯರು ಮೊದಲು ನೋಡಲು ಬಯಸುವುದು ಆ ಪುಟವನ್ನೇ.